ಥರ್ಮಾಕೋಲ್ ಅಣೆಕಟ್ಟು ಹೊತ್ತು ಹಾಲೆಂಡಿಗೆ

ಸುರಪುರ

ಅಣೆಕಟ್ಟು ಹೊತ್ತು ಸಮುದ್ರ ದಾಟಿದ ಮಾಸ್ತರ ನಮ್ಮ ತಾಲೂಕಿನಲ್ಲಿ ನಾನೊಬ್ಬನೇ. ಗುಡ್ಡ ಹೊತ್ತು ಹಾರಿದವರ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವರನ್ನು ಯಾರೂ ದಾರಿಯಲ್ಲಿ ನಿಲ್ಲಿಸಿ, ಗಂಟು ಬಿಚ್ಚಿ ತೋರಿಸು ಎಂದಿರಲಿಲ್ಲ. ನನ್ನನ್ನು ದಾರಿಯುದ್ದಕ್ಕೂ ನಿಲ್ಲಿಸಿದರು.

ಯಾದಗಿರಿ ಇನ್ನೂ ಜಿಲ್ಲೆಯಾಗಿರದ ಕಾಲ. ನಾನು ಸುರಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಿಜ್ಞಾನ ಪ್ರದರ್ಶನ ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ವಿಜ್ಞಾನ ಮಾಸ್ತರ ಮಾದರಿ ಮಾಡುತ್ತಾನೆ, ಚಿತ್ರಕಲಾ ಮಾಸ್ತರ ಬಣ್ಣ ಹಚ್ಚುತ್ತಾನೆ, ಬಡಿಗ ಕೆಳಗೊಂದು ಹಲಗೆ ಬಡಿದು ಕೊಡುತ್ತಾನೆ. ಮಕ್ಕಳು ಪಕ್ಕದಲ್ಲಿ ಕೈಕಟ್ಟಿ ನಿಂತು ಭಾಷಣ ಒಪ್ಪಿಸುತ್ತಾರೆ. ಮಾದರಿಯನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮುರಿಯುತ್ತದೆ, ಮುರಿದರೆ ಮುಂದಿನ ವರ್ಷಕ್ಕೆ ಮತ್ತೆ ಮಾಡಬೇಕಾಗುತ್ತದೆ.

ನಮ್ಮ ಶಾಲೆಯ ಮಾದರಿ ನಾರಾಯಣಪುರದ ಅಣೆಕಟ್ಟು. ಥರ್ಮಾಕೋಲ್ ಕೊಯ್ದು ನಾನೇ ಮಾಡಿದ್ದೆ. ಕಟ್ಟಿಗೆಯ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಹೊಲ ಮಾಡಿದ್ದೆ. ಹೊಲದಲ್ಲಿ ಪ್ಲಾಸ್ಟಿಕ್ ಆಕಳುಗಳನ್ನು ನಿಲ್ಲಿಸಿದ್ದೆ. ಅವು ಅಣೆಕಟ್ಟಿಗಿಂತ ಎತ್ತರವಾಗಿದ್ದವು. ಹಿಂದೆ ಪರದೆಯ ಮರೆಯಲ್ಲಿ ಒಬ್ಬರು ಕುಳಿತು ತಂಬಿಗೆಯಿಂದ ನೀರು ಸುರಿದರೆ ಮುಂದೆ ಗೇಟಿನಿಂದ ನೀರು ಬೀಳುತ್ತಿತ್ತು. ಆರು ವರ್ಷ ಆರು ಪ್ರದರ್ಶನಗಳಲ್ಲಿ ಇದೇ ಅಣೆಕಟ್ಟು ನಿಂತಿತ್ತು. ಅದನ್ನು "ಮಾಡಿದ" ಮಕ್ಕಳು ಮಾತ್ರ ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು.

ಆ ವರ್ಷದ ಭಾಷಣ ರಜಿಯಾಳದು. ಅವಳಪ್ಪ ಶಹಾಪುರದ ಕಡೆ ಮನೆ ಕಟ್ಟುವ ಗೌಂಡಿ. ಇಂಗ್ಲಿಷಿನಲ್ಲಿ ಏನು ಬರೆದುಕೊಟ್ಟರೂ ಹುಡುಗಿ ಒಂದೇ ದಿನದಲ್ಲಿ ಬಾಯಿಪಾಠ ಮಾಡುತ್ತಿದ್ದಳು. ನೀರು ಸುರಿಯುವ ಕೆಲಸ ಮಲ್ಲಮ್ಮನದು. ಅವಳು ಕಕ್ಕೇರಾ ಆಚೆ, ಕಾಲುವೆಯ ತುದಿಯಲ್ಲಿರುವ ಹಳ್ಳಿಯವಳು. ಅವರ ಹೊಲದ ತನಕ ಕಾಲುವೆ ಬಂದಿತ್ತು, ನೀರು ಇನ್ನೂ ದಾರಿಯಲ್ಲಿತ್ತು. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಬಾಯಿ ಬಿಡದವರಿಗೆ ನಾವು ಪರದೆಯ ಹಿಂದಿನ ಕೆಲಸ ಕೊಡುತ್ತೇವೆ.

ಹೀಗಿರುವಾಗ ಹಾಲೆಂಡಿನಿಂದ ಬಂದ ಆನ್ನೆಕೆ ಎಂಬ ಎಂಜಿನಿಯರ್ ಹೆಂಗಸು ನಮ್ಮ ಪ್ರದರ್ಶನಕ್ಕೆ ಕಾಲಿಟ್ಟಳು. ಕಾಲುವೆಗಳನ್ನು ನೋಡಲು ಬಂದು ಮೂರು ತಿಂಗಳಿಂದ, ನೀರಾವರಿ ಕಚೇರಿಗಳಿರುವ ಭೀಮರಾಯನಗುಡಿಯಲ್ಲಿದ್ದಳು. ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಜೊತೆಗೊಬ್ಬ ಎಂಜಿನಿಯರ್ ಸಾಹೇಬರು ದುಭಾಷಿಯಾಗಿ ಬಂದಿದ್ದರು. ಆಕೆ ಭಾಷಣ ಕೇಳಲಿಲ್ಲ. ನೇರವಾಗಿ ಹಿಂದೆ ಹೋಗಿ ಪರದೆ ಎತ್ತಿದಳು. ತಂಬಿಗೆ ಹಿಡಿದ ಮಲ್ಲಮ್ಮ ಕಂಡಳು.

"ಇದನ್ನ ಯಾರು ಮಾಡ್ಯಾರಂತ ಕೇಳಾಕತ್ತಾರ್ರಿ," ಎಂದರು ಸಾಹೇಬರು.

ಹತ್ತಿರದಲ್ಲಿ ಕಂಡವಳು ಮಲ್ಲಮ್ಮ. ಅವಳತ್ತ ಕೈ ಮಾಡಿದೆ. "ಈಕಿನೇ ಮಾಡ್ಯಾಳ್ರಿ. ತನ್ನ ಕೈಯಾರೆ."

ಮಲ್ಲಮ್ಮ ನನ್ನ ಮುಖ ನೋಡಿದಳು. ನಾನು ಆಕಳುಗಳನ್ನು ನೋಡಿದೆ.

ಎರಡು ತಿಂಗಳಿಗೆ ಹಾಲೆಂಡಿನಿಂದ ಪತ್ರ ಬಂತು. ಅವರ ಊರಿನಲ್ಲಿ ಪ್ರತಿ ವರ್ಷ ಮಕ್ಕಳ ಸ್ಪರ್ಧೆಯಂತೆ, ಬೇರೆ ಬೇರೆ ದೇಶಗಳಿಂದ ತಂಡಗಳು ಬರುತ್ತವಂತೆ, ಇಬ್ಬರು ಮಕ್ಕಳೂ ಒಬ್ಬ ಮಾಸ್ತರನೂ ಬರಬೇಕಂತೆ, ವಿಮಾನದ ಖರ್ಚು ಅವರದಂತೆ. ಪತ್ರ ಎರಡು ಪುಟದ್ದು. ವಿಮಾನದ ವಿಷಯ ಮೊದಲನೇ ಪುಟದಲ್ಲೇ ಇದ್ದುದರಿಂದ ಎರಡನೇ ಪುಟ ಓದುವ ಅಗತ್ಯ ನಮಗೆ ಯಾರಿಗೂ ಕಾಣಲಿಲ್ಲ. ಆ ಅಣೆಕಟ್ಟನ್ನು ನೋಡಿಯೇ ನಮ್ಮನ್ನು ಆರಿಸಿದ್ದರಂತೆ, ಅದಕ್ಕೆ ಜೊತೆಗೊಂದು ಫಾರ್ಮು ಇತ್ತು: "ಈ ಮಾದರಿಯನ್ನು ಈ ವಿದ್ಯಾರ್ಥಿಗಳೇ ಸ್ವತಃ ತಯಾರಿಸಿದ್ದಾರೆಂದು ದೃಢೀಕರಿಸುತ್ತೇನೆ." ನಾನು ವರ್ಷವಿಡೀ ಜಾತಿ, ಆದಾಯ, ಹಾಜರಾತಿ, ನಡತೆ ಎಲ್ಲವನ್ನೂ ದೃಢೀಕರಿಸುವ ಮನುಷ್ಯ. ಇದಕ್ಕೂ ಸಹಿ ಮಾಡಿ, ಕೆಳಗೆ ಶಾಲೆಯ ಸೀಲು ಒತ್ತಿದೆ.

ಮಲ್ಲಮ್ಮನ ಬದಲು ಬೇರೆ ಚುರುಕಾದ ಹುಡುಗಿಯನ್ನು ಕರೆದುಕೊಂಡು ಹೋಗು ಎಂದು ಮುಖ್ಯೋಪಾಧ್ಯಾಯರು ಹೇಳಿದರು. ಆದರೆ ಆನ್ನೆಕೆ ಅವಳ ಹೆಸರನ್ನೇ ಬರೆದುಕೊಂಡು ಹೋಗಿದ್ದಳು. ಹೊರಡುವ ತನಕ ನನಗೆ ಇದ್ದ ಅಂಜಿಕೆ ವಿಮಾನದ್ದಲ್ಲ. ಅಲ್ಲಿ ಹೋದ ಮೇಲೆ ಯಾರಾದರೂ ಈ ಹುಡುಗಿಯನ್ನು ನೇರವಾಗಿ ಕೇಳಿಬಿಟ್ಟರೆ ನನ್ನ ಸುಳ್ಳು ಹೊರಬೀಳುತ್ತದೆ ಎಂಬುದು. ಪುಣ್ಯಕ್ಕೆ ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವಳ ಮಾತೆಲ್ಲ ನನ್ನ ಬಾಯಿಯ ಮೂಲಕವೇ ದಾಟಬೇಕಿತ್ತು.

ಶಹಾಪುರ ಬಸ್ಸು, ಯಾದಗಿರಿ ರೈಲು

ಅಣೆಕಟ್ಟನ್ನು ಎರಡು ಹಳೇ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಕಂಡಕ್ಟರ್ ಗಂಟನ್ನು ನೋಡಿ, "ಏನ್ರಿ ಮಾಸ್ತರ ಇದು?" ಎಂದ.

"ಅಣೆಕಟ್ಟು."

"ಯಾವ್ದು, ನಮ್ ನಾರಾಯಣಪುರದ್ದೇನು? ಹಂಗಾರ ಇದಕ್ಕ ಲಗೇಜ್ ಟಿಕೇಟ್ ತಗೋರಿ."

ಶಹಾಪುರದಲ್ಲಿ ಹತ್ತಿದ ಒಬ್ಬ ಮುದುಕರು ಸೀರೆಯ ಸಂದಿಯಿಂದ ಅದನ್ನು ಬಹಳ ಹೊತ್ತು ನೋಡಿದರು. "ಎಡದಂಡಿ ಗೇಟ್ ಯಾವುದ್ರಿ ಇದರಾಗ?" ಎಂದು ಕೇಳಿದರು. ತೋರಿಸಿದೆ. "ಅದನ್ನ ಸ್ವಲ್ಪ ಮ್ಯಾಲ ಎತ್ರಿ ಸರ. ನಮ್ಮ ಕಡಿ ಹದಿನೈದು ದಿನಾ ಆತು, ಹನಿ ನೀರಿಲ್ಲ," ಎಂದರು. ಇದು ಬರೀ ಮಾದರಿ ಎಂದೆ. "ಆಫೀಸ್ನ್ಯಾಗೂ ಹಿಂಗ ಅಂತಾರ," ಎಂದು ಅವರು ಮುಖ ತಿರುವಿದರು. ಯಾದಗಿರಿ ಮುಟ್ಟುವ ತನಕ ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಯಾದಗಿರಿಯಿಂದ ಮುಂಬೈ ತನಕ ಮೇಲಿನ ಬರ್ತಿನಲ್ಲಿ ಅಣೆಕಟ್ಟು ಮಲಗಿತು. ನಾವು ಮೂವರೂ ಕೆಳಗೆ ಕುಳಿತೆವು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಸೀರೆ ಬಿಚ್ಚಿಸಿ, ಗೇಟುಗಳೊಳಗೆ ಬೆರಳು ಹಾಕಿ ನೋಡಿ, ಹಿಂದಿಯಲ್ಲಿ, ಇದರಲ್ಲಿ ನೀರು ಇದೆಯೇ ಎಂದು ಕೇಳಿದ. ನಮ್ಮ ಕಡೆ ಎಲ್ಲರೂ ಕೇಳುವ ಪ್ರಶ್ನೆಯೇ ಆದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ಇಲ್ಲ ಎಂದೆ. ಹಾಗಾದರೆ ಹೋಗಿ ಎಂದ.

ವಿಮಾನದಲ್ಲಿ ರಜಿಯಾ ಭಾಷಣವನ್ನು ಹನ್ನೊಂದು ಸಲ ಒಪ್ಪಿಸಿದಳು. ಮಲ್ಲಮ್ಮ ಊಟದ ತಟ್ಟೆಯ ಮುಚ್ಚಳ, ಚಮಚ, ಸಕ್ಕರೆ ಪೊಟ್ಟಣ ಎಲ್ಲ ಬಿಚ್ಚಿ, ಮತ್ತೆ ಮೊದಲಿದ್ದ ಹಾಗೇ ಜೋಡಿಸಿಟ್ಟಳು. "ಸುಮ್ಮಕ ಕೂಡು," ಎಂದು ಗದರಿದೆ.

ಮೊದಲ ದಿನ

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅದನ್ನು ಹೇಳಬೇಕಾದರೆ ಗಂಟಲಲ್ಲಿ ರೊಟ್ಟಿಯ ಚೂರು ಸಿಕ್ಕವರ ಹಾಗೆ ಕೆಮ್ಮಬೇಕು. ಆನ್ನೆಕೆ ತನ್ನ ಮನೆಯಲ್ಲೇ ನಮ್ಮನ್ನು ಇಳಿಸಿಕೊಂಡಳು. ಮನೆಯ ಮುಂದೆ ಕಾಲುವೆ, ಹಿಂದೆ ಕಾಲುವೆ, ಎದುರಿನ ಓಣಿಯೂ ಕಾಲುವೆ. ಎಲ್ಲವೂ ದಂಡೆಯ ತನಕ ತುಂಬಿವೆ. ಒಂದರಲ್ಲೂ ಎಮ್ಮೆಯಿಲ್ಲ, ಬಟ್ಟೆ ಒಗೆಯುವವರಿಲ್ಲ, ಲಾರಿ ತೊಳೆಯುವವರಿಲ್ಲ. ನಾಲ್ಕು ಬಾತುಕೋಳಿಗಳು ಅಷ್ಟೂ ನೀರನ್ನು ತಾವೇ ಅನುಭವಿಸುತ್ತಿದ್ದವು.

ಮಲ್ಲಮ್ಮ ದಂಡೆಯ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದಳು. "ಸರ, ಇಲ್ಲಿ ಯಾರೂ ಪೈಪ್ ಇಟ್ಟಿಲ್ಲಲ್ರಿ."

ನಮ್ಮ ಕಾಲುವೆಗಳ ಏರಿಯ ಮೇಲೆ ರಬ್ಬರ್ ಪೈಪು ಇಟ್ಟು ನೀರು ಹೀರಿಕೊಳ್ಳುವುದು ಎಲ್ಲರೂ ಬಲ್ಲ ವಿದ್ಯೆ. ಅಧಿಕಾರಿಗಳ ಜೀಪು ಕಂಡರೆ ಪೈಪುಗಳು ಹೊಲದೊಳಗೆ ಓಡುತ್ತವೆ. ಆನ್ನೆಕೆ, ಆ ಹುಡುಗಿ ಏನಂದಳು ಎಂದು ಕೇಳಿದಳು. ಕಾಲುವೆ ಬಹಳ ಚೆಂದ ಇದೆ ಅಂದಳು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ದೇಶದ ಮಾನದ ಪ್ರಶ್ನೆ ನೋಡಿ.

ಊರ ಹೊರಗೆ ದೊಡ್ಡ ಪಂಪು ತೋರಿಸಲು ಕರೆದೊಯ್ದಳು. ಅವರ ಹೊಲಗಳು ಸಮುದ್ರಕ್ಕಿಂತ ತಗ್ಗಿನಲ್ಲಿವೆಯಂತೆ. ಹೊಲಕ್ಕೆ ಬಂದ ನೀರನ್ನು ಎತ್ತಿ ಹೊರಗೆ ಚೆಲ್ಲಲು ಹಗಲಿರುಳು ಪಂಪು ನಡೆಯುತ್ತದೆಯಂತೆ. ಮಲ್ಲಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳಿದಾಗ ಅವಳು ನಂಬಲಿಲ್ಲ. "ಖರೇ ಹೇಳ್ರಿ ಸರ. ನೀರನ್ನ ಹೊರಗ ಹಾಕತಾರಾ?" ಎಂದು ಮೂರು ಸಲ ಕೇಳಿದಳು. ರಜಿಯಾ, "ಯಾ ಅಲ್ಲಾ, ಹುಚ್ಚರದಾರೇನು?" ಎಂದಳು. ಅದನ್ನೂ ನಾನು ಬೇರೆ ರೀತಿ ಅನುವಾದಿಸಿದೆ.

ನಮ್ಮ ಮಾತು ಒರಟು, ಬಡಿದಂತೆ ಇರುತ್ತದೆ ಎಂದು ಬೆಂಗಳೂರಿನವರು ದೂರುತ್ತಾರೆ. ಅವರನ್ನೊಮ್ಮೆ ಹಾಲೆಂಡಿಗೆ ಕಳಿಸಬೇಕು. ನಾನು ಕೊರಳಿಗೆ ಹೊಸ ಟೈ ಕಟ್ಟಿಕೊಂಡು ಬಂದು, ಹೇಗಿದೆ ಎಂದು ವಿನಯಕ್ಕಾಗಿ ಕೇಳಿದೆ. ಆನ್ನೆಕೆ ನೋಡಿ, "ಚೆನ್ನಾಗಿಲ್ಲ," ಎಂದು ಹೇಳಿ ಕಾಫಿ ಮಾಡಲು ಹೋದಳು. ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ತಂದಳು. ತಲೆಗೊಂದು ಬಿಸ್ಕತ್ತು ತೆಗೆದುಕೊಂಡ ಕೂಡಲೇ ಟಪ್ಪನೆ ಮುಚ್ಚಳ ಹಾಕಿ ಒಳಗಿಟ್ಟಳು. ನಮ್ಮಲ್ಲಿ ಹೀಗೆ ಮಾಡಿದರೆ ಎರಡು ಮನೆತನಗಳ ನಡುವೆ ಮಾತು ನಿಲ್ಲುತ್ತದೆ.

ನಾವು ಒಯ್ದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಆಕೆ ಒಂದು ರೊಟ್ಟಿ ಎತ್ತಿಕೊಂಡು ಅದರ ಮೇಲೆ ಚೀಸು, ಟೊಮ್ಯಾಟೊ ಇಟ್ಟುಕೊಂಡು, ಅವನ್ನಷ್ಟೇ ತಿಂದು, ರೊಟ್ಟಿಯನ್ನು ತೊಳೆಯುವ ಪಾತ್ರೆಗಳ ಜೊತೆ ಇಟ್ಟಳು. ತಟ್ಟೆ ಎಂದುಕೊಂಡಿದ್ದಳು. ರಜಿಯಾ ಓಡಿಹೋಗಿ ಅದನ್ನು ಬಿಡಿಸಿಕೊಂಡು ಬಂದಳು.

ಆನ್ನೆಕೆಗೆ ಕನ್ನಡದಲ್ಲಿ ಒಂದೇ ಪದ ಗೊತ್ತಿತ್ತು: "ಇಲ್ರಿ." ಮೂರು ತಿಂಗಳು ನಮ್ಮ ಕಚೇರಿಗಳಲ್ಲಿ ನಕ್ಷೆ ಕೇಳಿದರೂ, ಕೀಲಿಕೈ ಕೇಳಿದರೂ, ಸಾಹೇಬರನ್ನು ಕೇಳಿದರೂ ಅದೊಂದೇ ಉತ್ತರ ಬರುತ್ತಿತ್ತಂತೆ. ಬಹಳ ಉಪಯೋಗದ ಪದ ಎಂದು ಹೊಗಳಿದಳು.

ಎರಡನೇ ದಿನ, ಬೆಳಿಗ್ಗೆ

ಸ್ಪರ್ಧೆ ಒಂದು ದೊಡ್ಡ ಶಾಲೆಯ ಸಭಾಂಗಣದಲ್ಲಿತ್ತು. ಹದಿನೈದು ಮೇಜು, ಹದಿನೈದು ತಂಡ. ನಮ್ಮ ಮೇಜಿನ ಹತ್ತಿರ ಅಣೆಕಟ್ಟನ್ನು ಇಳಿಸಿ ಸೀರೆ ಬಿಚ್ಚಿದೆ. ಒಂದು ಆಕಳಿನ ಕೊಂಬು ಮುರಿದಿತ್ತು, ಉಳಿದದ್ದೆಲ್ಲ ಗಟ್ಟಿಯಾಗಿತ್ತು. ಸುತ್ತ ನೋಡಿದೆ. ಯಾರ ಮೇಜಿನ ಮೇಲೂ ಮಾದರಿಯೇ ಇಲ್ಲ. ಹಳೇ ಪತ್ರಿಕೆ, ಕಾಗದದ ಲೋಟ, ಸ್ಟ್ರಾ, ದಾರ, ಬಟ್ಟೆ ಒಣಹಾಕುವ ಕ್ಲಿಪ್ಪು, ಅಂಟುಪಟ್ಟಿ, ಉಳ್ಳಾಗಡ್ಡಿ ತುಂಬುವ ಬಲೆಚೀಲ, ತೆಳ್ಳನೆಯ ಪಾರದರ್ಶಕ ಪೈಪು. ಅಡುಗೆಮನೆಯ ಕಸದ ಬುಟ್ಟಿಯನ್ನು ತಂದು ಸುರಿದ ಹಾಗಿತ್ತು. ಪಾಪ, ಇವರ ಮಾಸ್ತರರು ಏನನ್ನೂ ಮಾಡಿಕೊಟ್ಟಿಲ್ಲ ಎಂದು ನನಗೆ ಮರುಕ ಹುಟ್ಟಿತು.

ಗಂಟೆ ಬಾರಿಸಿದರು. ಎಲ್ಲ ಮಕ್ಕಳೂ ಕತ್ತರಿ ಎತ್ತಿಕೊಂಡು ಕತ್ತರಿಸತೊಡಗಿದರು. ನಮ್ಮ ರಜಿಯಾ ಗಂಟೆ ಕೇಳಿದ್ದೇ ತಡ ಎರಡು ಹೆಜ್ಜೆ ಮುಂದೆ ಬಂದು, ಕೈಕಟ್ಟಿ, ಇಂಗ್ಲಿಷಿನಲ್ಲಿ, "ಮಾನ್ಯ ತೀರ್ಪುಗಾರರೇ, ಪೂಜ್ಯ ಗುರುಗಳೇ, ನನ್ನ ನೆಚ್ಚಿನ ಗೆಳೆಯ ಗೆಳತಿಯರೇ," ಎಂದು ಶುರು ಮಾಡಿದಳು. ಅಣೆಕಟ್ಟು ದೇಶದ ಬೆನ್ನೆಲುಬು ಎಂಬ ಕಡೆ ಬರುವಷ್ಟರಲ್ಲಿ ಪಕ್ಕದ ತಂಡ ಅರ್ಧ ಕಾಲುವೆ ಕಟ್ಟಿತ್ತು. ತೀರ್ಪುಗಾರರು ಮೂವರು. ಮುಖ್ಯರು ಬೋಳುತಲೆಯ ಹಿರಿಯರು. ಮೂವರೂ ಮರ್ಯಾದೆಗೆ ಕೊನೆಯ ತನಕ ನಿಂತು ಕೇಳಿ ಚಪ್ಪಾಳೆ ತಟ್ಟಿದರು. ಭಾಷಣ ಮುಗಿದ ಮೇಲೆ ಅಭ್ಯಾಸಬಲದಿಂದ ಮಲ್ಲಮ್ಮ ತಂಬಿಗೆ ಎತ್ತಿಕೊಂಡು ಅಣೆಕಟ್ಟಿನ ಹಿಂದೆ ಹೋಗಿ ಕುಳಿತಳು.

ಆನ್ನೆಕೆ ಓಡಿ ಬಂದಳು. ಪತ್ರದ ಎರಡನೇ ಪುಟ ಓದಲಿಲ್ಲವೇ ಎಂದು ಕೇಳಿದಳು. ಅದರಲ್ಲಿ ಬರೆದಿತ್ತಂತೆ: ಸಿದ್ಧ ಮಾದರಿ ತರುವಂತಿಲ್ಲ. ಸಮಸ್ಯೆಯನ್ನು ಅಲ್ಲೇ ಕೊಡುತ್ತಾರೆ, ಮೇಜಿನ ಮೇಲಿರುವ ದಿನಬಳಕೆಯ ಸಾಮಾನಿನಿಂದ ಮಕ್ಕಳೇ ಪರಿಹಾರ ಕಟ್ಟಬೇಕು, ದೊಡ್ಡವರು ಕೈ ಹಚ್ಚುವಂತಿಲ್ಲ. ಈ ವರ್ಷದ ಸಮಸ್ಯೆ ಇಷ್ಟೇ: ಒಂದು ಬಕೆಟ್ಟಿನ ನಲ್ಲಿಯಿಂದ ಬರುವ ನೀರು ಮೂರು ಲೋಟಗಳಿಗೆ ಸಮನಾಗಿ ಹೋಗಬೇಕು. ನೀರು ಜೋರಾಗಿ ಬಂದರೂ ಸಮ, ಸಣ್ಣಗೆ ಬಂದರೂ ಸಮ.

ಆರು ವರ್ಷದಲ್ಲಿ ನಾನು ಮಕ್ಕಳ ಕೈಗೆ ಒಂದು ಕತ್ತರಿಯನ್ನೂ ಕೊಟ್ಟಿರಲಿಲ್ಲ. ಕನ್ನಡದಲ್ಲಿ ವಿಷಯ ಹೇಳಿ, ತಲೆ ತಗ್ಗಿಸಿ ಹಿಂದೆ ಸರಿದೆ.

ಮಲ್ಲಮ್ಮ ಎದ್ದು ಪಕ್ಕದ ಮೇಜಿಗೆ ಹೋಗಿ ನೋಡಿ ಬಂದಳು. ಅವರು ಕಾಗದದ ಉದ್ದ ಕಾಲುವೆ ಮಾಡಿ, ಅದರ ದಂಡೆಗೆ ಸಾಲಾಗಿ ಮೂರು ಲೋಟ ಇಟ್ಟಿದ್ದರು. "ನಮ್ಮೂರ ಕಾಲುವಿ ಮಾಡಾಕತ್ತಾರ," ಎಂದು ರಜಿಯಾಳಿಗೆ ಹೇಳಿದಳು. "ಮೊದಲನೇದು ತುಂಬತದ, ಕಡೀದು ಒಣಗತದ."

"ಮತ್ತ ನಾವು ಹೆಂಗ ಮಾಡೂನು?"

"ಮೊದಲು, ಕಡಿ ಅನ್ನೂದೇ ಇರಬಾರದು. ಮೂರೂ ಒಂದೇ ಜಾಗಾದಾಗ ಹುಟ್ಟಬೇಕು."

ಅವಳು ಒಂದು ಲೋಟ ತೆಗೆದುಕೊಂಡು, ಒಂದೇ ಎತ್ತರದಲ್ಲಿ ಮೂರು ತೂತು ಹಾಕಿ, ಒಂದೇ ಅಳತೆಯ ಮೂರು ಸ್ಟ್ರಾ ಸಿಕ್ಕಿಸಿದಳು. ನೀರು ಹಾಕಿದರೆ ಒಂದು ಸ್ಟ್ರಾದಿಂದ ಹೆಚ್ಚು ಬಂತು. ಆಗ ರಜಿಯಾ, "ಲೋಟ ವಾಲ್ಯದ. ತಳ ಲೆವೆಲ್ ಇಲ್ಲ," ಎಂದಳು. ಆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿದಳು. ಅವಳಪ್ಪ ಗೋಡೆಯ ಮಟ್ಟ ನೋಡುವುದು ಹೀಗೇ ಅಂತೆ. ಮೇಜೇ ಸೊಟ್ಟಗಿತ್ತು. ಹಾಲೆಂಡಿನ ಮೇಜೂ ಸೊಟ್ಟಗಿರುತ್ತದೆ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು.

ಲೋಟವನ್ನು ಮಟ್ಟವಾಗಿ ಕೂರಿಸಲು ಕೊಯ್ದು ಹೊಂದಿಸಬಹುದಾದ ಗಟ್ಟಿ ತಳ ಬೇಕಿತ್ತು. ಮಲ್ಲಮ್ಮ ಸುತ್ತ ನೋಡಿ ನನ್ನ ಹತ್ತಿರ ಬಂದಳು.

"ಸರ, ಅಣೆಕಟ್ಟು ಕೊಯ್ಯಲೇನ್ರಿ?"

ಅದನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಮುಖ್ಯ ತೀರ್ಪುಗಾರರು ನಿಯಮ ಹೇಳಿದರು: ಮೇಜಿನ ಸಾಮಾನಿನ ಜೊತೆಗೆ, ತಂಡ ಹೊತ್ತು ತಂದ ಪ್ಯಾಕಿಂಗ್ ವಸ್ತುವನ್ನು ಬಳಸಬಹುದು. ಆದರೆ ಇದು ಪ್ಯಾಕಿಂಗ್ ವಸ್ತುವೇ? ಎಲ್ಲರೂ ನನ್ನ ಮುಖ ನೋಡಿದರು. ಆರು ವರ್ಷ, ಆರು ಪ್ರಶಸ್ತಿಪತ್ರ, ತಾಲೂಕು ಮಟ್ಟದ ಎರಡು ಸನ್ಮಾನ. ಹೌದು, ಪ್ಯಾಕಿಂಗ್ ವಸ್ತು ಎಂದೆ.

ಅವಳು ಕತ್ತರಿ ಹಾಕುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ. ಥರ್ಮಾಕೋಲ್ ಕೊಯ್ಯುವ ಸದ್ದು ಹಲ್ಲಿಗೆ ಎಷ್ಟು ಕೆಟ್ಟದ್ದು ಎಂದು ಅವತ್ತು ಗೊತ್ತಾಯಿತು.

ಎರಡನೇ ದಿನ, ಮಧ್ಯಾಹ್ನ

ಪರೀಕ್ಷೆಯಲ್ಲಿ ಹೆಚ್ಚಿನ ತಂಡಗಳ ಮೊದಲ ಲೋಟ ಉಕ್ಕಿತು, ಮೂರನೆಯದು ತಳ ಮಾತ್ರ ತೋಯಿಸಿಕೊಂಡಿತು. ನಮ್ಮ ಮೂರು ಲೋಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕೂದಲೆಳೆ ಹೆಚ್ಚು ಕಡಿಮೆ. ನೀರು ಸಣ್ಣಗೆ ಬಿಟ್ಟರೂ ಅಷ್ಟೇ. ಆ ಹುಡುಗಿಯರು ಚಪ್ಪಾಳೆಯ ನಡುವೆ ಕಣ್ಣು ಅಗಲಿಸಿಕೊಂಡು ನಿಂತರು.

ಮುಖ್ಯ ತೀರ್ಪುಗಾರರು ಸ್ಟ್ರಾ ಸಿಕ್ಕಿಸಿದ ಲೋಟದ ಬಾಯಿಗೆ ಕಟ್ಟಿದ್ದ ಉಳ್ಳಾಗಡ್ಡಿಯ ಬಲೆಯನ್ನು ಮುಟ್ಟಿ, ಇದು ಯಾಕೆ ಎಂದು ಕೇಳಿದರು.

ಮಲ್ಲಮ್ಮ ಹೇಳಿದಳು: "ಯಾರರ ಕಲ್ಲು ಹಾಕಿದ್ರ?"

"ಎಲೆ ಗಿಲೆ ಬಿದ್ದರೆ ಅಂತ," ಎಂದು ನಾನು ಇಂಗ್ಲಿಷಿನಲ್ಲಿ ದಾಟಿಸಿದೆ. ಸಭಾಂಗಣದೊಳಗೆ ಎಲೆ ಎಲ್ಲಿಂದ ಬರಬೇಕು ಎಂದು ಅವರು ಛಾವಣಿ ನೋಡಿದರು. ಅವರಿಗೆ ಅರ್ಥವಾಗಲಿಲ್ಲವೆಂದು ಮಲ್ಲಮ್ಮನಿಗೆ ತಿಳಿಯಿತು. ಅವಳು ಪೆನ್ಸಿಲ್ ಅಳಿಸುವ ಒಂದು ರಬ್ಬರು ತೆಗೆದುಕೊಂಡು ಪಕ್ಕದ ತಂಡದ ಕಾಗದದ ಕಾಲುವೆಗೆ, ಮೊದಲ ಲೋಟದ ಆಚೆ ಅಡ್ಡ ಇಟ್ಟು ನೀರು ಬಿಟ್ಟಳು. ನೀರೆಲ್ಲ ಮೊದಲ ಲೋಟಕ್ಕೆ ಹೋಯಿತು. ಆ ತಂಡದ ಮಕ್ಕಳು ಕೂಗಾಡಿದರು. "ನಮ್ಮ ಕಡಿ ಹಿಂಗ ಮಾಡತಾರ್ರಿ," ಎಂದು ಅವಳು ಶಾಂತವಾಗಿ ಹೇಳಿದಳು. ಇದಕ್ಕೆ ಅನುವಾದ ಬೇಕಾಗಲಿಲ್ಲ. ಮೂವರು ತೀರ್ಪುಗಾರರೂ ಬಾಗಿ ರಬ್ಬರನ್ನು ನೋಡಿದರು. ಹದಿನೈದು ತಂಡಗಳಲ್ಲಿ ಕಳ್ಳನನ್ನು ಲೆಕ್ಕಕ್ಕೆ ಹಿಡಿದ ತಂಡ ನಮ್ಮದೊಂದೇ.

ಬಹುಮಾನ ನಮ್ಮದೇ ಎಂದು ಆನ್ನೆಕೆ ನನ್ನ ಕಿವಿಯಲ್ಲಿ ಹೇಳಿದಳು. ಕೊನೆಯದಾಗಿ ಒಂದು ಪ್ರಶ್ನೆ, ಅದೊಂದು ಶಿಷ್ಟಾಚಾರ ಅಷ್ಟೇ ಎಂದಳು. ಮುಖ್ಯ ತೀರ್ಪುಗಾರರು ನಮ್ಮ ಫಾರ್ಮು ಕೈಯಲ್ಲಿ ಹಿಡಿದು ಮಲ್ಲಮ್ಮನನ್ನು ಕೇಳಿದರು: ಊರಿನಲ್ಲಿ ಆ ಅಣೆಕಟ್ಟನ್ನು ಕಟ್ಟುವಾಗ ನೀನು ಏನೇನು ಕಲಿತೆ?

ನಾನು ಕನ್ನಡದಲ್ಲಿ ಕೇಳಿದೆ. ಎಂದಿನಂತೆ ತಲೆ ತಗ್ಗಿಸಿ ನಿಲ್ಲುತ್ತಾಳೆ, ಉತ್ತರ ನಾನೇ ಕಟ್ಟಿ ಹೇಳಬಹುದು ಎಂದುಕೊಂಡಿದ್ದೆ. ಆದರೆ ಬೆಳಗಿನಿಂದ ಕೆಲಸ ಮಾಡಿದ ಮೇಲೆ ಅವಳ ತಲೆ ತಗ್ಗಲೇ ಇಲ್ಲ.

"ಅದನ್ನ ನಾವು ಮಾಡಿಲ್ರಿ," ಎಂದಳು. "ಅದನ್ನ ಸರ ಮಾಡ್ಯಾರ್ರಿ. ನಮಗ ಮುಟ್ಟಾಕ ಕೊಡಂಗಿಲ್ರಿ."

ರಜಿಯಾ ತನ್ನ ಚಪ್ಪಲಿ ನೋಡಿಕೊಂಡಳು. ಇಡೀ ಸಭಾಂಗಣ ನನ್ನ ಬಾಯಿಗಾಗಿ ಕಾದಿತ್ತು.

"ಕೂಡಿ ದುಡಿಯುವುದನ್ನು ಕಲಿತೆವು ಎನ್ನುತ್ತಾಳೆ," ಎಂದೆ.

"ಇಲ್ರಿ?" ಎಂದಳು ಆನ್ನೆಕೆ, ಮೆಲ್ಲಗೆ. ಆಕೆಗೆ ಗೊತ್ತಿದ್ದ ಒಂದೇ ಪದವನ್ನು ಮಲ್ಲಮ್ಮ ಮಾತಿನ ತುದಿಯಲ್ಲಿ ಎರಡು ಸಲ ಹೇಳಿದ್ದಳು. ಬೇರೆ ಯಾರಿಗೂ ಅದು ತಿಳಿದಿರಲಿಲ್ಲ. ಆನ್ನೆಕೆ ನನ್ನನ್ನೇ ನೋಡಿದಳು. ಇನ್ನೊಂದು ಸುಳ್ಳು ಹೇಳಿದ್ದರೆ ಅದೂ ನಡೆದುಹೋಗುತ್ತಿತ್ತೇನೋ. ಆದರೆ ಮಲ್ಲಮ್ಮ, ತನ್ನ ಮಾತು ಆ ಕಡೆ ಮುಟ್ಟಿತೋ ಇಲ್ಲವೋ ಎಂದು, ನನ್ನ ಮುಖದಿಂದ ತೀರ್ಪುಗಾರರ ಮುಖಕ್ಕೆ, ಅವರ ಮುಖದಿಂದ ನನ್ನ ಮುಖಕ್ಕೆ ನೋಡುತ್ತಿದ್ದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ ಇತ್ತು. ನನಗೆ ನಾಚಿಕೆಯಾಯಿತು.

ಹೇಳಿದೆ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ. ಫಾರ್ಮಿನ ಮೇಲಿನ ಸಹಿ ಸುಳ್ಳು ಎಂದೂ ಹೇಳಿದೆ.

ಹಾಲೆಂಡಿನವರು ಸಿಟ್ಟಾಗುವುದಿಲ್ಲ, ನಿಯಮ ತೆಗೆಯುತ್ತಾರೆ. ಸುಳ್ಳು ಫಾರ್ಮಿನ ಮೇಲೆ ಬಂದ ತಂಡಕ್ಕೆ ಬಹುಮಾನ ಕೊಡುವ ಹಾಗಿಲ್ಲ. ಮುಖ್ಯ ತೀರ್ಪುಗಾರರು ಇದನ್ನು ಹೇಳಿ ನನ್ನ ಕೈ ಕುಲುಕಿದರು. ಆಮೇಲೆ ಹುಡುಗಿಯರ ಕೈ ಬಹಳ ಹೊತ್ತು ಕುಲುಕಿದರು. ಬಹುಮಾನ ಇನ್ನೊಂದು ತಂಡಕ್ಕೆ ಹೋಯಿತು. ನಮ್ಮ ಸಾಧನವನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಎಲ್ಲರಿಗೂ ನೋಡಲು ಇಟ್ಟರು. ಆ ತಂಡ ಈ ತಂಡ ಎನ್ನದೆ ಮಕ್ಕಳೆಲ್ಲ ಬಂದು ಸುತ್ತ ನಿಂತರು. ಮಲ್ಲಮ್ಮ ಕನ್ನಡದಲ್ಲೇ ವಿವರಿಸಿದಳು. ಅವರು ತಲೆಯಾಡಿಸಿದರು.

ವಿಮಾನ ನಿಲ್ದಾಣ

"ನಮ್ಮ ಮೂರೂ ಲೋಟ ಸಮ ಇದ್ವಲ್ರಿ ಸರ," ಎಂದು ಮಲ್ಲಮ್ಮ ಕೇಳಿದ್ದು ಮಾರನೇ ದಿನ, ವಿಮಾನಕ್ಕೆ ಕಾಯುತ್ತ ಕುಳಿತಾಗ. "ಮತ್ತ ಬಹುಮಾನ ಯಾಕ ಕೊಡ್ಲಿಲ್ರಿ?"

ಸಭಾಂಗಣದಲ್ಲಿ ಇಂಗ್ಲಿಷಿನಲ್ಲಿ ಒಪ್ಪಿಕೊಂಡದ್ದು ಸುಲಭವಾಗಿತ್ತು ಎಂದು ಆಗ ತಿಳಿಯಿತು. ನೀನು ತಪ್ಪು ಮಾಡಿಲ್ಲ, ನಾನು ಸುಳ್ಳು ಸಹಿ ಮಾಡಿದ್ದೆ, ಅದಕ್ಕೇ ಕೊಡಲಿಲ್ಲ ಎಂದು ಕೊನೆಗೆ ಕನ್ನಡದಲ್ಲಿ ಹೇಳಿದೆ.

ರಜಿಯಾ ಮುಖ ಆ ಕಡೆ ತಿರುವಿದಳು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ಮಲ್ಲಮ್ಮ ಹೇಳಿದಳು: "ಅವತ್ತು ನೀವು ನನ್ನ ಕಡಿ ಕೈ ಮಾಡಿ, ಈಕಿನೇ ಮಾಡ್ಯಾಳ ಅಂದ್ರಿ. ಸುಳ್ಳಂತ ನನಗ ಗೊತ್ತಿತ್ರಿ. ಆದ್ರೂ ಮನಿಗ್ ಹೋಗಿ ಅವ್ವನ ಮುಂದ ಹೇಳಿದೆ, ಸರ ಹಿಂಗಂದ್ರು ಅಂತ. ನನ್ನ ಬಗ್ಗಿ ಯಾರೂ ಹಂಗ ಅಂದಿದ್ದಿಲ್ರಿ."

ಅವಳು ನನ್ನ ಕಡೆ ತಿರುಗಿದಳು.

"ಇದನ್ನ ಮಾತ್ರ ನಾವೇ ಮಾಡೀವಿ. ಬಹುಮಾನ ಇಲ್ದ ನಾ ಹೇಳಿದ್ರ ಯಾರು ನಂಬತಾರ? ನೀವೇ ಬಂದು ಹೇಳ್ರಿ ಸರ," ಎಂದಳು.

ಮಲ್ಲಮ್ಮನ ಓಣಿ

ಊರಿಗೆ ಬಂದ ಮೂರನೇ ದಿನ ಕಕ್ಕೇರಾ ದಾಟಿ ಅವಳ ಹಳ್ಳಿಗೆ ಹೋದೆ. ಪರದೇಶದಿಂದ ಬಂದ ಮಾಸ್ತರ ಎಂದು ಓಣಿಯ ಮಂದಿ ಕಟ್ಟೆಯ ಸುತ್ತ ನೆರೆದರು. ಅವಳವ್ವ ಒಲೆಯ ಮೇಲೆ ಚಹಾಕ್ಕೆ ಇಟ್ಟು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಮಲ್ಲಮ್ಮ ಕಂಬದ ಹತ್ತಿರ ನಿಂತಿದ್ದಳು. ನಾನು, ಬಹುಮಾನ ಬರಲಿಲ್ಲ, ಆದರೆ ಅಲ್ಲಿ ಎಲ್ಲರಿಗಿಂತ ಚೆಂದದ ಸಾಧನವನ್ನು ಈಕೆಯೂ ರಜಿಯಾಳೂ ತಮ್ಮ ಕೈಯಾರೆ ಮಾಡಿದರು ಎಂದು ಹೇಳಿದೆ.

ಅವ್ವ ನಕ್ಕಳು. "ಅದೇನ್ ಹೊಸಾದ್ರಿ ಸರ? ಆಕಿನೇ ಮಾಡ್ಯಾಳಂತ ನೀವು ಆವಾಗ್ಲೇ ಹೇಳೀರಲ್ಲ. ಓಣಿಗೆಲ್ಲಾ ಗೊತ್ತದ. ಕೂಡ್ರಿ, ಚಾ ಕುಡೀರಿ."

ಮಂದಿ ತಲೆಯಾಡಿಸಿದರು. ಒಬ್ಬಿಬ್ಬರು ಎದ್ದು ಹೊರಟರು. ಮಲ್ಲಮ್ಮನ ಮುಖ ಸಣ್ಣದಾಯಿತು. ಖರೇ ಮಾತು ಬಂದು ಕೂಡುವ ಜಾಗದಲ್ಲಿ ನನ್ನ ಸುಳ್ಳು ಮೊದಲೇ ಬಂದು ಕುಳಿತಿತ್ತು.

"ಇಲ್ಲವ್ವಾ," ಎಂದೆ. ಹೊರಟವರು ನಿಂತರು. "ಆವಾಗ ನಾ ಹೇಳಿದ್ದು ಸುಳ್ಳು. ಅಣೆಕಟ್ಟು ಮಾಡಿದಾಂವ ನಾನು. ನಿನ್ನ ಮಗಳಿಗೆ ಅದನ್ನ ಮುಟ್ಟಾಕೂ ಕೊಟ್ಟಿದ್ದಿಲ್ಲ. ಬಹುಮಾನ ಹೋಗಿದ್ದೂ ಅದಕ್ಕ, ನನ್ನ ಸಲುವಾಗಿ. ಅಲ್ಲಿ ಆಕಿ ಮಾಡಿದ್ದು ಖರೇ. ನಾ ಕಣ್ಣಾರೆ ನೋಡೀನಿ."

ಅವ್ವ ನನ್ನನ್ನು ನೋಡಿದಳು, ಆಮೇಲೆ ಮಗಳನ್ನು ನೋಡಿದಳು.

"ಖರೇನೇನ?"

"ಹೌದವ್ವಾ."

"ಹೆಂಗ ಮಾಡಿದಿ?"

ಮಲ್ಲಮ್ಮ ಒಳಗೆ ಹೋಗಿ ಮೂರು ಲೋಟ ತಂದು ಕಟ್ಟೆಯ ಮೇಲೆ ಇಟ್ಟಳು. ಮಂದಿ ಬಗ್ಗಿ ಸುತ್ತ ನೆರೆದರು. ಕಾಲುವೆಯ ತುದಿಯ ಹೊಲದವರು, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗೆ ನನಗೆಂದು ಇಟ್ಟ ಚಹಾ ಉಕ್ಕಿ ಒಲೆಯಲ್ಲಿ ಸುರಿದ ಸದ್ದು ಕೇಳಿತು. ಯಾರಿಗೂ ಅದರ ಕಡೆ ಲಕ್ಷ್ಯವಿರಲಿಲ್ಲ, ನನ್ನ ಕಡೆಗೂ ಇರಲಿಲ್ಲ.